ಬಲವಾದ ಸೆಡಾನೋ, ಹಗುರವಾದ ಸ್ಪೋರ್ಟ್ಸ್ ಕಾರೋ?

ಓದುಗರ ಪ್ರಶ್ನೆಗಳು ಮತ್ತು ಉತ್ತರಗಳು

ಪ್ರಶ್ನೆ: ನನಗೀಗ ನಲವತ್ತೆರಡು ವರ್ಷ. ಮನೆಯಲ್ಲಿ ನಾನು, ಹೆಂಡತಿ, ಒಂಬತ್ತು ಮತ್ತು ಆರು ವರ್ಷದ ಇಬ್ಬರು ಮಕ್ಕಳು. ಹನ್ನೆರಡು ವರ್ಷ ಓಡಿಸಿದ ಸಾಧಾರಣ ಕಾರನ್ನು ಈ ವರ್ಷ ಬದಲಿಸಬೇಕಾಗಿದೆ. ಒಂದು ಒಳ್ಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಳ್ಳಬೇಕೆಂಬುದು ಚಿಕ್ಕಂದಿನ ಆಸೆ. ಆದರೆ ಅಂಕಿಅಂಶಗಳನ್ನು ಎದುರುಬದುರು ಇಟ್ಟು ನೋಡಿದರೆ ಇಂದಿನ ಪ್ರಬಲ ಸೆಡಾನ್‌ಗಳು ಎಷ್ಟೋ ಸ್ಪೋರ್ಟ್ಸ್ ಕಾರುಗಳನ್ನು ಹಿಂದೆ ಹಾಕುತ್ತವೆ. ‘ನಾಲ್ಕು ಬಾಗಿಲಿದೆ, ಡಿಕ್ಕಿಯಿದೆ, ಮೇಲಾಗಿ ವೇಗವೂ ಹೆಚ್ಚು, ಎರಡು ಸೀಟಿನ ಕಾರು ತೆಗೆದುಕೊಂಡು ಏನು ಮಾಡುತ್ತೀ’ ಎಂದು ಗೆಳೆಯರು ಕೇಳುತ್ತಾರೆ. ಎರಡು ಬಗೆಯನ್ನೂ ಓಡಿಸಿ ನೋಡಿದೆ. ಸೆಡಾನ್‌ನ ಎಳೆತಕ್ಕೆ ಬೆರಗಾದದ್ದು ನಿಜ. ಆದರೆ ಮನೆಗೆ ಬಂದ ಮೇಲೆ ಮತ್ತೆ ಮತ್ತೆ ನೆನಪಾಗುತ್ತಿರುವುದು ಅದರ ಅರ್ಧದಷ್ಟೂ ಬಲವಿಲ್ಲದ ಆ ಚಿಕ್ಕ ಕಾರು. ಇದು ಬರಿಯ ಮರುಳೋ, ಇದಕ್ಕೇನಾದರೂ ಕಾರಣವಿದೆಯೋ? ಮನೆಗೆ ಇರುವುದು ಒಂದೇ ಕಾರು ಎಂಬುದನ್ನೂ ಗಮನದಲ್ಲಿಟ್ಟುಕೊಂಡು ಉತ್ತರಿಸಬೇಕಾಗಿ ವಿನಂತಿ.

ಉತ್ತರ: ಮರುಳಲ್ಲ, ಕಾರಣವಿದೆ. ಆ ಕಾರಣ ಅಂಕಿಅಂಶಗಳ ಪಟ್ಟಿಯಲ್ಲಿ ಕಾಣಿಸುವುದಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಸ್ಪೋರ್ಟ್ಸ್ ಕಾರಿನ ಹೃದಯವನ್ನು ಸಂಸಾರದ ಕಾರಿನೊಳಗೆ ಇಡುವ ಯೋಚನೆಗೆ ಬಿಎಂಡಬ್ಲ್ಯು ಎಂ5 ಒಳ್ಳೆಯ ಉದಾಹರಣೆ. 1980ರ ದಶಕದ ಮಧ್ಯದಲ್ಲಿ ಬಂದ ಮೊದಲ ಎಂ5ಗೆ, ನಡುವೆ ಎಂಜಿನ್ ಇದ್ದ ಎರಡು ಸೀಟಿನ ಎಂ1 ಕಾರಿನ ಆರು ಸಿಲಿಂಡರ್‌ಗಳ 3.5 ಲೀಟರ್ ಎಂಜಿನ್ನಿನಿಂದ ಬೆಳೆಸಿದ ಎಂಜಿನ್ನನ್ನೇ ಹಾಕಿದ್ದರು. 286 ಅಶ್ವಶಕ್ತಿ, ತೂಕ ಒಂದೂವರೆ ಟನ್ನಿಗಿಂತ ಕಡಿಮೆ. ಹೊರಗಿನಿಂದ ನೋಡಿದವರಿಗೆ ಅದು ಕಚೇರಿಗೆ ಹೋಗಿಬರುವ ಸಾಮಾನ್ಯ ಸೆಡಾನ್. ಅದೇ ಹೆಸರಿನಲ್ಲಿ 2024ರಲ್ಲಿ ಬಂದ ಕಾರಿನ ಬಲ 727 ಅಶ್ವಶಕ್ತಿ. ತೂಕ 2,400 ಕೆ.ಜಿ.ಯನ್ನೂ ದಾಟಿದೆ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗಕ್ಕೆ ಅದು ಸುಮಾರು ಮೂರೂವರೆ ಸೆಕೆಂಡಿನಲ್ಲಿ ತಲುಪುತ್ತದೆ. ಹಗುರವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರಾದ ಮಾಜ್ದಾ ಎಂಎಕ್ಸ್-5ರ ಎರಡು ಲೀಟರ್ ಎಂಜಿನ್ನಿನ ಮಾದರಿಗೆ ಅದೇ ಕೆಲಸಕ್ಕೆ ಆರೂವರೆ ಸೆಕೆಂಡು ಬೇಕು. ಅಂಕಿಗಳ ಮಟ್ಟಿಗೆ ನಿಮ್ಮ ಗೆಳೆಯರ ವಾದ ಇಲ್ಲಿಗೆ ಗೆದ್ದಂತೆಯೇ.

ಆದರೆ ಆ ಮೂರೂವರೆ ಸೆಕೆಂಡು ಮುಗಿದ ಮೇಲೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಅಷ್ಟು ಹೊತ್ತಿಗೆ ಆಟ ಮುಗಿದಿರುತ್ತದೆ. ಕಾಲನ್ನು ಆಕ್ಸಲರೇಟರಿನಿಂದ ಎತ್ತಲೇಬೇಕು, ಉಳಿದ ಹಾದಿಯುದ್ದಕ್ಕೂ ಆ ಎಂಜಿನ್ ತನ್ನ ಬಲದ ಹತ್ತರಲ್ಲೊಂದು ಪಾಲನ್ನೂ ಬಳಸದೆ ಸುಮ್ಮನೆ ಉರುಳುತ್ತಿರುತ್ತದೆ. ಇಂತಹ ಕಾರು ಮೈಮುರಿದು ಏಳುವುದು ಗಂಟೆಗೆ 180, 200 ಕಿ.ಮೀ. ವೇಗದಲ್ಲಿ. ಜರ್ಮನಿಯ ತಯಾರಕರು ತಮ್ಮತಮ್ಮಲ್ಲೇ ಒಪ್ಪಿಕೊಂಡು ಇಂತಹ ಬಹಳಷ್ಟು ಕಾರುಗಳ ವೇಗಕ್ಕೆ 250 ಕಿ.ಮೀ.ನಲ್ಲಿ ಕಡಿವಾಣ ಹಾಕಿರುತ್ತಾರೆಂದರೆ, ಅವುಗಳ ಸಹಜ ನೆಲೆ ಎಲ್ಲಿದೆಯೆಂದು ನೀವೇ ಊಹಿಸಬಹುದು. ಹಗುರವಾದ ಚಿಕ್ಕ ಕಾರು ಹಾಗಲ್ಲ. ಅದರ ಎಂಜಿನ್ನನ್ನು ಕೆಂಪು ಗೆರೆಯವರೆಗೆ, ಅಂದರೆ ಅದು ತಾಳಬಲ್ಲ ಗರಿಷ್ಠ ಸುತ್ತುಗಳವರೆಗೆ, ಏರಿಸಿ, ಗೇರು ಬದಲಿಸಿ, ತಿರುವಿಗೆ ಮುನ್ನ ಬ್ರೇಕ್ ಒತ್ತಿ, ಮೂತಿಯನ್ನು ಒಳಗೆ ತಿರುಗಿಸುವ ಇಡೀ ಕಾರ್ಯಕ್ರಮ ಕಾನೂನು ಒಪ್ಪುವ ವೇಗದೊಳಗೇ ನಡೆದುಹೋಗುತ್ತದೆ. ಆದ್ದರಿಂದ ಕಾರು ಎಷ್ಟು ವೇಗ ಮುಟ್ಟುತ್ತದೆ ಎನ್ನುವುದಕ್ಕಿಂತ, ಯಾವ ವೇಗದಲ್ಲಿ ಸುಖ ಕೊಡಲು ಶುರುಮಾಡುತ್ತದೆ ಎಂದು ಕೇಳಿಕೊಳ್ಳುವುದು ಮೇಲು. ನಿಮಗೆ ನೆನಪಾಗುತ್ತಿರುವುದು ಆ ಸುಖ.

ಇನ್ನು ತೂಕದ ಮಾತು. ಚಲಿಸುವ ವಸ್ತುವಿನ ಶಕ್ತಿ ಅದರ ತೂಕದ ಅನುಪಾತದಲ್ಲಿ ಮತ್ತು ವೇಗದ ವರ್ಗದ ಅನುಪಾತದಲ್ಲಿ ಏರುತ್ತದೆಂದು ಶಾಲೆಯಲ್ಲಿ ಕಲಿತಿದ್ದೇವೆ. ಗಂಟೆಗೆ 100 ಕಿ.ಮೀ. ವೇಗದಲ್ಲಿರುವ 1,050 ಕೆ.ಜಿ.ಯ ಕಾರಿನಲ್ಲಿ ಸುಮಾರು 405 ಕಿಲೋಜೂಲ್ ಶಕ್ತಿಯಿದ್ದರೆ, ಅದೇ ವೇಗದಲ್ಲಿರುವ 2,400 ಕೆ.ಜಿ.ಯ ಕಾರಿನಲ್ಲಿ 925 ಕಿಲೋಜೂಲ್ ಇರುತ್ತದೆ. ಕಾರನ್ನು ನಿಲ್ಲಿಸುವಾಗ ಇದಿಷ್ಟೂ ಶಾಖವಾಗಿ ಬ್ರೇಕ್ ಡಿಸ್ಕುಗಳಿಂದ ಹೊರಗೆ ಹೋಗಬೇಕು. ವೇಗ 200ಕ್ಕೆ ಏರಿದರೆ ಎರಡೂ ಅಂಕಿಗಳು ನಾಲ್ಕು ಪಟ್ಟಾಗುತ್ತವೆ. ಅದಕ್ಕೆಂದೇ ಭಾರದ ಕಾರಿಗೆ ಊಟದ ತಟ್ಟೆಗಿಂತ ಅಗಲವಾದ ಡಿಸ್ಕು, ಅದನ್ನು ಒಳಗೊಳ್ಳಲು ದೊಡ್ಡ ಚಕ್ರ, ಚಕ್ರಕ್ಕೆ ತಕ್ಕ ಅಗಲದ ಟೈರು, ಇವೆಲ್ಲವನ್ನೂ ಹೊರಲು ಬಲವಾದ ಸಸ್ಪೆನ್ಷನ್ ಬೇಕಾಗುತ್ತದೆ. ಇವೂ ತೂಕವೇ ಆದ್ದರಿಂದ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಟೈರಿನ ಸ್ವಭಾವವೂ ಭಾರದ ಪಕ್ಷ ವಹಿಸುವುದಿಲ್ಲ. ಟೈರಿನ ಮೇಲಿನ ಭಾರ ಇಮ್ಮಡಿಯಾದರೆ ಅದರ ಹಿಡಿತ ಇಮ್ಮಡಿಯಾಗುವುದಿಲ್ಲ, ತುಸು ಕಡಿಮೆಯೇ ಏರುತ್ತದೆ. ತಿರುವಿನಲ್ಲಿ ಭಾರ ಹೊರಮೈಯ ಚಕ್ರಗಳಿಗೆ ವಾಲುತ್ತದೆ. ಗುರುತ್ವ ಕೇಂದ್ರ ಎತ್ತರದಲ್ಲಿದ್ದಷ್ಟೂ ಹೆಚ್ಚು ವಾಲುತ್ತದೆ. ಇದರ ಜೊತೆಗೆ ಭಾರ ಎಲ್ಲಿ ಕೂತಿದೆ ಎನ್ನುವುದೂ ಮುಖ್ಯ. ನೀರು ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿಕೊಂಡು ಗಿರಕ್ಕನೆ ತಿರುಗಬಹುದು. ಅದೇ ನೀರನ್ನು ಕಾವಡಿಯ ಎರಡು ತುದಿಗೆ ತೂಗುಹಾಕಿ ಹೊತ್ತವನು ತಿರುಗುವುದಕ್ಕೂ ನಿಲ್ಲುವುದಕ್ಕೂ ಎರಡೆರಡು ಸಲ ಯೋಚಿಸಬೇಕು. ಎರಡು ಸೀಟಿನ ಕಾರಿನಲ್ಲಿ ಎಂಜಿನ್ನು, ಚಾಲಕ, ಇಂಧನದ ಟ್ಯಾಂಕು ಎಲ್ಲವೂ ನಡುವಿಗೆ ಹತ್ತಿರ ಹತ್ತಿರ ಇರುತ್ತವೆ. ಎಂಎಕ್ಸ್-5ರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,310 ಮಿ.ಮೀ. ಮಾತ್ರ, ದೊಡ್ಡ ಸೆಡಾನ್‌ಗಳಲ್ಲಿ ಅದು ಮೂರು ಮೀಟರಿನ ಆಸುಪಾಸಿನಲ್ಲಿದೆ. ಹಿಂದಿನ ಚಕ್ರಗಳನ್ನೂ ತುಸು ತಿರುಗಿಸುವ ವ್ಯವಸ್ಥೆ, ಓಲಾಟವನ್ನು ತಡೆಯುವ ಮೋಟರುಗಳು ಮುಂತಾದವುಗಳಿಂದ ಸೆಡಾನ್ ತಯಾರಕರು ಈ ಕೊರತೆಯನ್ನು ಬಹುಮಟ್ಟಿಗೆ ಮರೆಸುತ್ತಾರೆ, ಮತ್ತು ಅದನ್ನು ಬೆರಗಾಗುವಷ್ಟು ಚೆನ್ನಾಗಿ ಮಾಡುತ್ತಾರೆ. ಆದರೆ ಮರೆಸಿರುವುದು ಕೈಗೆ ತಿಳಿಯುತ್ತದೆ. ಸ್ಟಿಯರಿಂಗ್ ಹಿಡಿದ ಅಂಗೈಗೆ ರಸ್ತೆಯ ಸುದ್ದಿ ಒಬ್ಬ ಮಧ್ಯವರ್ತಿಯನ್ನು ದಾಟಿ ಬಂದಂತಿರುತ್ತದೆ.

ಇನ್ನೊಂದು ಮಾತನ್ನು ಮಕ್ಕಳಿರುವ ತಂದೆಯಾದ ನಿಮಗೆ ವಿಶೇಷವಾಗಿ ಹೇಳಬೇಕು. ಉದ್ದನೆಯ, ನಿಶ್ಶಬ್ದವಾದ, ದಪ್ಪ ಗಾಜಿನ ಕಾರಿನಲ್ಲಿ ವೇಗ ಅಡಗಿಕೊಳ್ಳುತ್ತದೆ. ನೂರಿಪ್ಪತ್ತರಲ್ಲಿ ಹೋಗುತ್ತಿದ್ದರೂ ಎಂಬತ್ತರಂತೆ ತೋರುತ್ತದೆ. ನೆಲಕ್ಕೆ ಹತ್ತಿರ ಕುಳಿತು, ಗಾಳಿಯ ಸದ್ದನ್ನೂ ಎಂಜಿನ್ನಿನ ಸದ್ದನ್ನೂ ಕೇಳುತ್ತಾ ಹೋಗುವವನಿಗೆ ಎಂಬತ್ತೇ ನೂರಿಪ್ಪತ್ತರಂತೆ ತೋರುತ್ತದೆ. ಹೀಗಾಗಿ ‘ಸೆಡಾನ್ ಎಂದರೆ ಜವಾಬ್ದಾರಿ, ಸ್ಪೋರ್ಟ್ಸ್ ಕಾರು ಎಂದರೆ ಹುಚ್ಚಾಟ’ ಎಂಬ ವಾದ ಕೇಳಲು ಚೆಂದವಾದರೂ ಪೂರ್ತಿ ನಿಜವಲ್ಲ. 700 ಅಶ್ವಶಕ್ತಿಯ ಕಾರಿನಲ್ಲಿ ಶಾಂತವಾಗಿರುವುದು ಒಂದು ಸಂಯಮ. ಅದನ್ನು ದಿನವೂ ಬೆಳಿಗ್ಗೆ ಹೊಸದಾಗಿ ಮಾಡಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನಿಮಗೆ ಎರಡು ಸೀಟಿನ ಕಾರು ಬೇಡವೆಂದೇ ಹೇಳುತ್ತೇನೆ. ಮನೆಗೆ ಒಂದೇ ಕಾರು, ಜನ ನಾಲ್ವರು. ಮೊದಲ ತಿಂಗಳು ಮಕ್ಕಳಿಗೆ ಸರದಿಯಲ್ಲಿ ಮುಂದೆ ಕೂರುವ ಸಂಭ್ರಮವಿರುತ್ತದೆ. ಎರಡನೆಯ ತಿಂಗಳಿನಿಂದ ಯಾರೋ ಒಬ್ಬರು ಮನೆಯಲ್ಲಿ ಉಳಿಯಬೇಕಾಗುತ್ತದೆ, ಮತ್ತು ಹಾಗೆ ಉಳಿಯುವವರು ಬಹುತೇಕ ನಿಮ್ಮ ಹೆಂಡತಿಯೇ ಆಗಿರುತ್ತಾರೆ. ಒಬ್ಬರ ಸಂತೋಷಕ್ಕೆ ಮನೆಮಂದಿಯೆಲ್ಲ ಮೌನವಾಗಿ ತೆರುವ ಸುಂಕವದು. ಅಂತಹ ಕಾರು ಬೇಗನೆ ಮಾರಾಟಕ್ಕೆ ಬರುತ್ತದೆ.

ಆದರೆ ಅತಿ ಹೆಚ್ಚು ಬಲದ ಸೆಡಾನನ್ನೂ ತೆಗೆದುಕೊಳ್ಳಬೇಡಿ. ನಾಲ್ಕು ಬಾಗಿಲಿನ ಕಾರುಗಳಲ್ಲಿಯೇ ಹಗುರವಾದದ್ದನ್ನು ಹುಡುಕಿ. ಆಲ್ಫಾ ರೋಮಿಯೋ ಜೂಲಿಯಾ ಕ್ವಾಡ್ರಿಫೋಲಿಯೋ ಒಂದು ಉದಾಹರಣೆ: 2.9 ಲೀಟರ್ ವಿ6 ಎಂಜಿನ್, 500ಕ್ಕೂ ಮಿಕ್ಕಿದ ಅಶ್ವಶಕ್ತಿ, ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ದಂಡವನ್ನೂ ಬಾನೆಟ್ಟನ್ನೂ ಕಾರ್ಬನ್ ಫೈಬರಿನಲ್ಲಿ ಮಾಡಿ ಉಳಿಸಿದ ತೂಕ, ಒಟ್ಟು ಸುಮಾರು 1,600 ಕೆ.ಜಿ. ಅಷ್ಟು ಬಲವೂ ಬೇಕಾಗಿಲ್ಲ. ತಯಾರಕರ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವ ಮಾದರಿಯ ಒಂದು ಮೆಟ್ಟಿಲು ಕೆಳಗೆ, ಚಿಕ್ಕ ಚಕ್ರ ಮತ್ತು ಎತ್ತರದ ಟೈರುಗಳೊಂದಿಗೆ ಸಿಗುವ ಕಾರು ಹಾಳಾದ ರಸ್ತೆಯಲ್ಲಿಯೂ ಚೆನ್ನಾಗಿ ಹೋಗುತ್ತದೆ, ದಿನನಿತ್ಯದ ಓಡಾಟದಲ್ಲಿ ತನ್ನ ಬಲದ ಹೆಚ್ಚಿನ ಪಾಲನ್ನು ಬಳಸಲೂ ಬಿಡುತ್ತದೆ. ಹೀಗೆ ಉಳಿದ ಹಣದಲ್ಲಿ ಮಕ್ಕಳು ದೊಡ್ಡವರಾದ ಮೇಲೆ ಆ ಚಿಕ್ಕ ಕಾರನ್ನು ಎರಡನೆಯದಾಗಿ ಕೊಳ್ಳಿ. ಅದು ಆಗ ಇನ್ನಷ್ಟು ಹಳೆಯದಾಗಿ, ಇನ್ನಷ್ಟು ಅಗ್ಗವಾಗಿರುತ್ತದೆ. ಅದರ ಸುಖ ಮಾತ್ರ ಅಷ್ಟೇ ಇರುತ್ತದೆ.

ಪ್ರಶ್ನೆ: ಸೆಡಾನ್ ಮತ್ತು ಸ್ಟೇಷನ್ ವ್ಯಾಗನ್ ಎರಡೂ ಒಂದೇ ಎಂಜಿನ್ನಿನಲ್ಲಿ ಸಿಗುವಾಗ ಯಾವುದನ್ನು ಆರಿಸಬೇಕು? ವ್ಯಾಗನ್ ಎಂದರೆ ಸಾಮಾನು ಹೊರುವ ಗಾಡಿ, ಅದರಲ್ಲಿ ವೇಗದ ಕಾರಿನ ಗತ್ತು ಇರುವುದಿಲ್ಲ ಎಂದು ಮಗ ಹೇಳುತ್ತಾನೆ.

ಉತ್ತರ: ನಿಮ್ಮ ಮಗನಿಗೆ 1994ರ ಎರಡು ಸಂಗತಿಗಳನ್ನು ತಿಳಿಸಿ. ಆ ವರ್ಷ ಬ್ರಿಟನ್ನಿನ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್‌ನಲ್ಲಿ ವೋಲ್ವೊ ಸಂಸ್ಥೆ ತನ್ನ 850 ಎಸ್ಟೇಟನ್ನು, ಅಂದರೆ ಅಪ್ಪಟ ಸಾಮಾನು ಹೊರುವ ವ್ಯಾಗನ್ನನ್ನು, ರಿಕಾರ್ಡ್ ರೈಡೆಲ್ ಮತ್ತು ಯಾನ್ ಲ್ಯಾಮರ್ಸ್ ಕೈಯಲ್ಲಿ ಓಟಕ್ಕೆ ಇಳಿಸಿತು. ಗೆಲುವು ಸಿಗಲಿಲ್ಲ, ಮರುವರ್ಷ ಸೆಡಾನಿಗೆ ಬದಲಾಯಿಸಿದರು. ಆದರೆ ನೋಡಿದವರಾರೂ ಆ ಕಾರನ್ನು ಮರೆತಿಲ್ಲ. ಅದೇ ವರ್ಷ ಆಡಿ ಮತ್ತು ಪೋರ್ಷೆ ಕೂಡಿ ಆರ್‌ಎಸ್2 ಅವಾಂಟ್ ಎಂಬ ವ್ಯಾಗನ್ನನ್ನು ಹೊರತಂದವು. ಐದು ಸಿಲಿಂಡರ್‌ಗಳ 2.2 ಲೀಟರ್ ಟರ್ಬೊ ಎಂಜಿನ್, 315 ಅಶ್ವಶಕ್ತಿ, ನಾಲ್ಕು ಚಕ್ರಕ್ಕೂ ಎಳೆತ. ಬ್ರೇಕು ಪೋರ್ಷೆಯದು, ಜೋಡಣೆ ನಡೆದದ್ದೂ ಪೋರ್ಷೆಯ ಕಾರ್ಖಾನೆಯಲ್ಲಿ. ಮುಂದೆ ಬಂದ 600 ಅಶ್ವಶಕ್ತಿಯ ಆರ್‌ಎಸ್6 ಅವಾಂಟ್ ಮುಂತಾದವು ನಡೆದದ್ದು ಆ ಕಾರು ಹಾಕಿಕೊಟ್ಟ ಹಾದಿಯಲ್ಲಿ.

ಎಂಜಿನಿಯರಿಂಗ್ ದೃಷ್ಟಿಯಿಂದ ವ್ಯತ್ಯಾಸವಿಲ್ಲವೆಂದಲ್ಲ. ಸೆಡಾನಿನ ಹಿಂದಿನ ಸೀಟಿನ ಬೆನ್ನಿಗೆ ಲೋಹದ ಅಡ್ಡಗೋಡೆ ಇರುತ್ತದೆ, ಅದು ಕಾರಿನ ಮೈ ತಿರುಚಿಕೊಳ್ಳದಂತೆ ಹಿಡಿದಿಡುತ್ತದೆ. ವ್ಯಾಗನ್ನಿನಲ್ಲಿ ಆ ಗೋಡೆಯೂ ಇಲ್ಲ, ಹಿಂದೆ ದೊಡ್ಡ ಬಾಗಿಲಿನ ಕಿಂಡಿ ಬೇರೆ. ಆದ್ದರಿಂದ ಅಲ್ಲಲ್ಲಿ ಬಲಪಡಿಸಬೇಕಾಗುತ್ತದೆ. ಈ ಬಲಪಡಿಸುವಿಕೆ, ಹೆಚ್ಚಿನ ಗಾಜು ಮತ್ತು ಚಾವಣಿ ಎಲ್ಲ ಸೇರಿ ಹತ್ತಾರು ಕೆ.ಜಿ. ತೂಕ ಏರುತ್ತದೆ. 2024ರ ಎಂ5ರಲ್ಲಿ ವ್ಯಾಗನ್ ನೂರಕ್ಕೆ ತಲುಪಲು ಸೆಡಾನಿಗಿಂತ ಸೆಕೆಂಡಿನ ಹತ್ತನೆಯ ಒಂದು ಭಾಗ ಹೆಚ್ಚು ತೆಗೆದುಕೊಳ್ಳುತ್ತದೆ; ಆ ಹತ್ತನೆಯ ಒಂದು ಭಾಗವನ್ನು ಗುರುತಿಸಬಲ್ಲ ಮನುಷ್ಯ ಇದ್ದರೆ ನಾನು ನೋಡಬೇಕು. ನಿಜವಾಗಿ ಗೊತ್ತಾಗುವುದು ಸದ್ದು. ಡಿಕ್ಕಿ ಮತ್ತು ಕೂರುವ ಜಾಗ ಒಂದೇ ಪೆಟ್ಟಿಗೆಯಾಗಿರುವುದರಿಂದ ಹಿಂದಿನ ಟೈರುಗಳ ಗುಂಯ್‌ಗುಡುವಿಕೆ ನೇರವಾಗಿ ಕಿವಿಗೆ ಬರುತ್ತದೆ. ಓಡಿಸಿ ನೋಡುವಾಗ ಒರಟು ಡಾಂಬರಿನ ಮೇಲೆ ಕೊಂಡೊಯ್ದು, ಹಿಂದಿನ ಸೀಟಿನಲ್ಲಿ ಸ್ವತಃ ಕುಳಿತು ಕೇಳಿ. ಸಾಮಾನು ತುಂಬಿದಾಗ ಸೀಟಿನ ಹಿಂದೆ ಬಲೆ ಅಥವಾ ಜಾಲರಿ ಕಟ್ಟುವುದನ್ನು ಮರೆಯಬೇಡಿ. ಢಿಕ್ಕಿಯಾದಾಗ ಕಟ್ಟದೆ ಬಿಟ್ಟ ಚೀಲ ತನ್ನ ತೂಕದ ಹಲವು ಪಟ್ಟು ಬಲದಿಂದ ಮುಂದೆ ಹಾರಿಬರುತ್ತದೆ.

ನನ್ನ ಮತ ವ್ಯಾಗನ್ನಿಗೆ. ಸೈಕಲ್ಲು, ನಾಯಿ, ಬೀರುವಿನ ಬಾಗಿಲು, ಏನು ಬೇಕಾದರೂ ಹೊತ್ತು ಅಷ್ಟೇ ವೇಗದಲ್ಲಿ ಹೋಗಬಲ್ಲ ಕಾರಿಗಿಂತ ದೊಡ್ಡ ಗತ್ತು ಯಾವುದಿದೆ?

ಪ್ರಶ್ನೆ: ಪೋರ್ಷೆ 911ರಲ್ಲಿ ಹಿಂದೆಯೂ ಎರಡು ಸೀಟುಗಳಿವೆಯಲ್ಲ? ಅದನ್ನೇ ಕೊಂಡರೆ ಸ್ಪೋರ್ಟ್ಸ್ ಕಾರೂ ಆಯಿತು, ಸಂಸಾರದ ಕಾರೂ ಆಯಿತು. ನಮಗೆ ಎರಡು ವರ್ಷದ ಮಗಳಿದ್ದಾಳೆ, ಇನ್ನೊಂದು ಮಗು ಬರಲಿದೆ.

ಉತ್ತರ: ಮೊದಲಿಗೆ ಶುಭಾಶಯ. 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಈ ಕಾರು 901 ಎಂಬ ಹೆಸರಿನಲ್ಲಿ ಕಾಣಿಸಿಕೊಂಡಾಗಲೇ ಹಿಂದೆ ಎರಡು ಪುಟ್ಟ ಸೀಟುಗಳಿದ್ದವು. (ನಡುವೆ ಸೊನ್ನೆ ಬರುವ ಮೂರಂಕಿಯ ಹೆಸರುಗಳು ತನ್ನವೆಂದು ಪೂಜೋ ಸಂಸ್ಥೆ ತಕರಾರು ತೆಗೆದದ್ದರಿಂದ ಅದು 911 ಆಯಿತು.) ಎಂಜಿನ್ನನ್ನು ಹಿಂದಿನ ಚಕ್ರಗಳಿಗೂ ಹಿಂದೆ ಇಟ್ಟಿದ್ದರಿಂದಲೇ ಅಷ್ಟು ಚಿಕ್ಕ ಕಾರಿನಲ್ಲಿ ಆ ಸೀಟುಗಳಿಗೆ ಜಾಗ ಸಿಕ್ಕಿತು. ನಡುವೆ ಎಂಜಿನ್ ಇರುವ ಕಾರುಗಳಲ್ಲಿ ಅದು ಸಾಧ್ಯವಾಗುವುದು ಬಹಳ ಅಪರೂಪ. ಈ ಅರ್ಥದಲ್ಲಿ 911 ಉಳಿದ ಸ್ಪೋರ್ಟ್ಸ್ ಕಾರುಗಳಿಗಿಂತ ಸಂಸಾರಕ್ಕೆ ಹತ್ತಿರವೆಂಬುದು ನಿಜ.

ಆದರೆ ಆ ಸೀಟುಗಳು ಒಂದು ವಯಸ್ಸಿನ ಮಕ್ಕಳಿಗೆ ಮಾತ್ರ. ಎತ್ತರ ಬೆಳೆದ ಹುಡುಗ ಹಿಂದೆ ಕೂತರೆ ತಲೆ ಗಾಜಿಗೆ ತಾಗುತ್ತದೆ, ಕಾಲಿಡಲು ಜಾಗವಿರುವುದಿಲ್ಲ. ತೀರಾ ಎಳೆಯ ಮಗುವಿನ ವಿಷಯದಲ್ಲಿ ತೊಂದರೆ ಬೇರೆ. ಹಸುಳೆಗಳು ಹಿಮ್ಮುಖವಾಗಿ ಕೂರುವ ಆಸನದಲ್ಲಿಯೇ ಪ್ರಯಾಣಿಸಬೇಕು. ಯುರೋಪಿನಲ್ಲಿ ಬಳಕೆಯಲ್ಲಿರುವ ಆರ್129 ನಿಯಮದ ಆಸನಗಳಲ್ಲಿ 15 ತಿಂಗಳವರೆಗೆ ಇದು ಕಡ್ಡಾಯ, ಇನ್ನೂ ಹೆಚ್ಚು ಕಾಲ ಹಾಗೆ ಕೂರಿಸುವುದು ಮತ್ತೂ ಒಳ್ಳೆಯದು. ಅಂತಹ ಆಸನಗಳು ದಪ್ಪ ಮತ್ತು ಉದ್ದ. 911ರ ಹಿಂದಿನ ಸೀಟಿಗೆ ಅದನ್ನು ತೂರಿಸಬೇಕಾದರೆ ಮುಂದಿನ ಸೀಟನ್ನು ಡ್ಯಾಶ್‌ಬೋರ್ಡಿಗೆ ತಾಗುವಷ್ಟು ತಳ್ಳಬೇಕಾಗಬಹುದು. ಮುಂದಿನ ಸೀಟಿನಲ್ಲಿಯೇ ಕೂರಿಸೋಣವೆಂದರೆ, ಏರ್‌ಬ್ಯಾಗ್ ಚಾಲೂ ಇರುವಾಗ ಅದರೆದುರು ಹಿಮ್ಮುಖ ಆಸನವನ್ನು ಎಂದಿಗೂ ಇಡಬಾರದು. ಅದು ಪ್ರಾಣಕ್ಕೇ ಅಪಾಯ. ಇದರ ಮೇಲೆ, ಎರಡು ಬಾಗಿಲಿನ ಕಾರಿನಲ್ಲಿ ಮಗುವನ್ನು ಎತ್ತಿಕೊಂಡು, ಬಗ್ಗಿ, ಮುಂದಿನ ಸೀಟನ್ನು ಮಡಚಿ ಒಳಗೆ ಕೂರಿಸುವುದನ್ನು ದಿನಕ್ಕೆ ನಾಲ್ಕು ಸಲ ಮಾಡುವ ಬಾಣಂತಿಯ ಬೆನ್ನಿನ ಗತಿಯನ್ನು ಯೋಚಿಸಿ.

ಕೊಳ್ಳುವ ಮಾತಿಗೆ ಮುಂಚೆ, ನಿಮ್ಮ ಮಗಳ ಆಸನವನ್ನು ಹೊತ್ತುಕೊಂಡು ಹೋಗಿ ಆ ಕಾರಿನಲ್ಲಿ ಕೂರಿಸಿ ನೋಡಿ. ಹತ್ತು ನಿಮಿಷದಲ್ಲಿ ನಿಮ್ಮಿಬ್ಬರಿಗೂ ಉತ್ತರ ಸಿಗುತ್ತದೆ. ಮಕ್ಕಳಿಗೆ ಐದು, ಏಳು ವರ್ಷವಾದಾಗ ಮತ್ತೆ ಈ ಪ್ರಶ್ನೆ ಕೇಳಿದರೆ ನನ್ನ ಉತ್ತರ ಬೇರೆಯಾಗಿರುತ್ತದೆ. ಆ ನಾಲ್ಕೈದು ವರ್ಷಗಳ ಕಾಲ 911ರ ಹಿಂದಿನ ಸೀಟು ಮಕ್ಕಳಿಗೆ ಗುಹೆಯಂತೆ ಪ್ರಿಯವಾಗಿರುತ್ತದೆ.

ಪ್ರಶ್ನೆ: ವರ್ಷಕ್ಕೆ ಮೂರು ನಾಲ್ಕು ಸಲ ರೇಸ್ ಟ್ರ್ಯಾಕ್‌ನಲ್ಲಿ ಕಾರು ಓಡಿಸುವ ಆಸೆಯಿದೆ. ನನ್ನಲ್ಲಿರುವ 500 ಅಶ್ವಶಕ್ತಿಯ ಸೆಡಾನ್ ಸಾಕೇ, ಅದಕ್ಕೆಂದೇ ಸ್ಪೋರ್ಟ್ಸ್ ಕಾರು ಬೇಕೇ?

ಉತ್ತರ: ಒಂದೆರಡು ಸಲ ನೋಡಿಬರಲು ಸಾಕು. ಚಟ ಹತ್ತಿದರೆ ಸಾಲದು.

ವೇಗದ ಸೆಡಾನ್ ಟ್ರ್ಯಾಕ್‌ನಲ್ಲಿ ಮೊದಲ ಎರಡು ಸುತ್ತು ಎಲ್ಲರನ್ನೂ ಬೆಚ್ಚಿಬೀಳಿಸುತ್ತದೆ. ಮೂರನೆಯ ಸುತ್ತಿನಿಂದ ಟೈರುಗಳು ಕಾದು ಜಾರತೊಡಗುತ್ತವೆ, ಐದನೆಯ ಸುತ್ತಿಗೆ ಬ್ರೇಕ್ ಪೆಡಲು ಉದ್ದವಾಗುತ್ತದೆ, ಅಂದರೆ ಅದನ್ನು ಇನ್ನೂ ಆಳಕ್ಕೆ ತುಳಿಯಬೇಕಾಗುತ್ತದೆ. ಡಿಸ್ಕನ್ನು ಅದುಮಿ ಹಿಡಿಯುವ ಪ್ಯಾಡುಗಳು ಕಾಯುವುದು ಒಂದು ಕಾರಣ. ಬ್ರೇಕ್ ಆಯಿಲ್ ಕುದಿಯುವುದು ಅದಕ್ಕಿಂತ ಅಪಾಯದ ಕಾರಣ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಆದರೆ ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ದ್ರವ, ಶೇ 3.7ರಷ್ಟು ನೀರು ಸೇರಿಕೊಂಡಾಗ ಅದೇ ಕನಿಷ್ಠ ಮಿತಿ 155 ಡಿಗ್ರಿ. ಕುದಿದಾಗ ಕೊಳವೆಯಲ್ಲಿ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವವನ್ನು ಅದುಮಿ ಚಿಕ್ಕದಾಗಿಸಲಾಗದು, ಆವಿಯನ್ನು ಆಗುತ್ತದೆ. ಹಾಗಾಗಿ ಪೆಡಲು ನೆಲ ಮುಟ್ಟಿದರೂ ಕಾರು ನಿಲ್ಲುವುದಿಲ್ಲ.

ಇದನ್ನು ಪುಸ್ತಕದಿಂದ ಕಲಿತದ್ದಕ್ಕಿಂತ ಹೆಚ್ಚಾಗಿ ಕಾಲಿನಿಂದ ಕಲಿತವನು ನಾನು. ಹಲವು ವರ್ಷಗಳ ಹಿಂದೆ ನಾಲ್ಕು ಜನ ಮತ್ತು ಡಿಕ್ಕಿ ತುಂಬ ಸಾಮಾನಿನೊಂದಿಗೆ ಒಂದು ಬಲವಾದ ಸೆಡಾನಿನಲ್ಲಿ ಬೆಟ್ಟದ ದಾರಿ ಇಳಿಯುತ್ತಿದ್ದೆ. ಎಂಜಿನ್ನಿನ ಸದ್ದು ಕೇಳುವ ಚಪಲಕ್ಕೆ ಪ್ರತಿ ತಿರುವಿಗೂ ತಡವಾಗಿ ಬ್ರೇಕ್ ಒತ್ತುತ್ತಿದ್ದೆ. ಹತ್ತನೆಯದೋ ಹನ್ನೆರಡನೆಯದೋ ತಿರುವಿನಲ್ಲಿ ಪೆಡಲು ಹತ್ತಿಯ ಮೇಲೆ ಕಾಲಿಟ್ಟಂತೆ ಒಳಗಿಳಿಯಿತು. ಮತ್ತೆ ಮತ್ತೆ ತುಳಿದು, ಕೆಳಗಿನ ಗೇರಿಗೆ ಹಾಕಿ, ಹೇಗೋ ಬದಿಗೆ ನಿಲ್ಲಿಸಿದೆ. ತಪ್ಪು ಕಾರಿನದಲ್ಲ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಬ್ರೇಕ್ ಆಯಿಲನ್ನು ನಾನು ನಾಲ್ಕು ವರ್ಷವಾದರೂ ಬದಲಿಸಿರಲಿಲ್ಲ. ಆದರೆ ಅದೇ ಉದಾಸೀನವನ್ನು ಒಂದು ಟನ್ನಿನ ಕಾರು ಬಹುಶಃ ಕ್ಷಮಿಸುತ್ತಿತ್ತು.

ಆದ್ದರಿಂದ ಸೆಡಾನನ್ನೇ ಟ್ರ್ಯಾಕ್‌ಗೆ ಒಯ್ಯುವುದಾದರೆ ಹಿಂದಿನ ವಾರ ಬ್ರೇಕ್ ಆಯಿಲ್ ಬದಲಿಸಿ, ಶಾಖ ತಡೆಯುವ ಪ್ಯಾಡುಗಳನ್ನು ಹಾಕಿಸಿ, ನಾಲ್ಕು ಸುತ್ತಿಗೊಮ್ಮೆ ನಿಧಾನವಾಗಿ ಒಂದು ಸುತ್ತು ಬಂದು ತಣಿಸಿ, ಮತ್ತು ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ನಿಮ್ಮ ವಿಮೆ ಟ್ರ್ಯಾಕ್‌ನಲ್ಲಿ ಆಗುವ ನಷ್ಟವನ್ನು ಭರಿಸುತ್ತದೆಯೇ ಎಂಬುದನ್ನು ಪಾಲಿಸಿಯ ಕಾಗದದಲ್ಲಿಯೇ ಓದಿ ತಿಳಿದುಕೊಳ್ಳಿ; ಸಾಮಾನ್ಯವಾಗಿ ಭರಿಸುವುದಿಲ್ಲ. ವರ್ಷಕ್ಕೆ ನಾಲ್ಕು ಸಲ ಎಂಬ ನಿಮ್ಮ ಲೆಕ್ಕ ಎಂಟಕ್ಕೆ ಏರಿದರೆ, ಸೆಡಾನ್ ನುಂಗುವ ಟೈರು ಮತ್ತು ಪ್ಯಾಡುಗಳ ಖರ್ಚಿನಲ್ಲಿಯೇ ಒಂದು ಹಳೆಯ ಎಂಎಕ್ಸ್-5 ಅಥವಾ ಟೊಯೋಟಾ ಜಿಆರ್86ನಂತಹ ಹಗುರವಾದ ಕಾರಿನ ದೊಡ್ಡ ಪಾಲು ಹುಟ್ಟುತ್ತದೆ. ಅಂತಹ ಕಾರಿನಲ್ಲಿ ಕಲಿಕೆಯೂ ಹೆಚ್ಚು. ಬಲ ಕಡಿಮೆಯಿದ್ದಾಗ ತಿರುವಿನಲ್ಲಿ ಮಾಡಿದ ತಪ್ಪನ್ನು ನೇರ ರಸ್ತೆಯಲ್ಲಿ ಮುಚ್ಚಿಹಾಕಲು ಆಗುವುದಿಲ್ಲ.

ಪ್ರಶ್ನೆ: ಏಳೆಂಟು ವರ್ಷ ಹಳೆಯ ಪ್ರಬಲ ಸೆಡಾನ್‌ಗಳು ಹೊಸ ಸಾಧಾರಣ ಕಾರಿನ ಬೆಲೆಗೇ ಸಿಗುತ್ತಿವೆ. ಕೊಳ್ಳಬಹುದೇ?

ಉತ್ತರ: ಬೆಲೆ ಇಳಿದಿರುತ್ತದೆ, ಬಿಡಿಭಾಗಗಳ ಬೆಲೆ ಇಳಿದಿರುವುದಿಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆ. 2005ರಿಂದ 2010ರವರೆಗೆ ಬಂದ ಎಂ5ರಲ್ಲಿ ನಿಮಿಷಕ್ಕೆ 8,000 ಸುತ್ತುಗಳ ಮೇಲೂ ಹಾಡುವ 5 ಲೀಟರಿನ ವಿ10 ಎಂಜಿನ್ ಇತ್ತು. 507 ಅಶ್ವಶಕ್ತಿಯ ಆ ಎಂಜಿನ್ನಿನ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ತಿರುಗುವ ದಂಡಕ್ಕೆ ಸೇರಿಸುವ ಸರಳು) ಬೇರಿಂಗುಗಳನ್ನು ಕೆಡುವ ಮೊದಲೇ ಬದಲಿಸಿಕೊಳ್ಳುವುದು ಅದರ ಮಾಲೀಕರಲ್ಲಿ ರೂಢಿಯೇ ಆಗಿದೆ. ಆ ಎಂಜಿನ್ನನ್ನು ಒಮ್ಮೆ ಕೇಳಿದವನಿಗೆ ಬುದ್ಧಿಮಾತು ರುಚಿಸುವುದಿಲ್ಲವೆಂಬುದು ನನಗೂ ಗೊತ್ತು. ಕೊಳ್ಳುವುದಾದರೆ ದುರಸ್ತಿಯ ದಾಖಲೆಗಳು ಸಂಪೂರ್ಣವಾಗಿರುವ ಕಾರನ್ನೇ ಕೊಳ್ಳಿ, ಟೈರು, ಡಿಸ್ಕು ಮತ್ತು ಸಸ್ಪೆನ್ಷನ್ನಿನ ಹೊಸ ಬಿಡಿಭಾಗಗಳ ಬೆಲೆಯನ್ನು ಮೊದಲೇ ವಿಚಾರಿಸಿ. ನಾಲ್ಕು ಚಕ್ರಕ್ಕೂ ಎಳೆತವಿರುವ ಕಾರಾದರೆ ಒಂದು ಟೈರು ಹಾಳಾದರೂ ಎಷ್ಟೋ ಸಲ ನಾಲ್ಕನ್ನೂ ಬದಲಿಸಬೇಕಾಗುತ್ತದೆ, ಏಕೆಂದರೆ ಸವೆತದ ವ್ಯತ್ಯಾಸ ಹೆಚ್ಚಾದರೆ ಬಲ ಹಂಚುವ ಗೇರುಗಳಿಗೆ ಪೆಟ್ಟು. ಮುಂದೆ ಹಿಂದೆ ಬೇರೆ ಬೇರೆ ಅಗಲದ ಟೈರುಗಳಿದ್ದರೆ ಅವನ್ನು ಅದಲುಬದಲು ಮಾಡಿ ಬಾಳಿಕೆ ಹೆಚ್ಚಿಸಿಕೊಳ್ಳುವ ದಾರಿಯೂ ಇರುವುದಿಲ್ಲ. ಹಳೆಯ ಹಗುರ ಸ್ಪೋರ್ಟ್ಸ್ ಕಾರಿನಲ್ಲಿ ಇಂತಹ ಕಾಟ ಕಡಿಮೆ; ಅಲ್ಲಿ ನೋಡಬೇಕಾದದ್ದು ತುಕ್ಕು, ಮಡಚುವ ಚಾವಣಿಯ ಸೋರಿಕೆ ಮತ್ತು ಹಿಂದಿನ ಮಾಲೀಕನ ಚಾಲನೆಯ ಗುರುತುಗಳು.

ಪ್ರಶ್ನೆ: ವಿದ್ಯುತ್ ಸೆಡಾನ್‌ಗಳು ಬಂದ ಮೇಲೆ ಈ ಚರ್ಚೆಗೇ ಅರ್ಥವಿದೆಯೇ?

ಉತ್ತರ: ಇನ್ನೂ ಹೆಚ್ಚಾಗಿದೆ. ಪೋರ್ಷೆ ಟೈಕಾನ್‌ನಂತಹ ಕಾರಿನಲ್ಲಿ ಬ್ಯಾಟರಿ ನೆಲದಡಿಯಲ್ಲಿರುವುದರಿಂದ ಗುರುತ್ವ ಕೇಂದ್ರ ಬಹಳ ಕೆಳಗಿರುತ್ತದೆ, ಎಳೆತ ಕಾಲಿಟ್ಟ ಕ್ಷಣವೇ ಸಿಗುತ್ತದೆ, ಮೋಟರೇ ಬಹುಪಾಲು ಬ್ರೇಕಿನ ಕೆಲಸ ಮಾಡುವುದರಿಂದ ದಿನನಿತ್ಯದಲ್ಲಿ ಡಿಸ್ಕುಗಳಿಗೆ ಬಿಡುವು. ಅದರಲ್ಲಿ ವ್ಯಾಗನ್ ರೂಪದ್ದೂ ಇದೆ. ಆದರೆ ತೂಕ ಎರಡು ಟನ್ನಿನ ಮೇಲೆಯೇ. ನಿಂತಲ್ಲಿಂದ ನೂರಕ್ಕೆ ಜಿಗಿಯುವ ಸಾಮರ್ಥ್ಯ ಇಂದು ಸಂಸಾರದ ವಿದ್ಯುತ್ ಕಾರುಗಳಿಗೂ ಬಂದಿರುವಾಗ ಸ್ಪೋರ್ಟ್ಸ್ ಕಾರಿಗೆ ಉಳಿದಿರುವುದು ಅದರ ಹಗುರವೊಂದೇ. ಬ್ಯಾಟರಿಯ ತೂಕ ಇಳಿದು ಒಂದು ಟನ್ನಿನ ಆಸುಪಾಸಿನ ವಿದ್ಯುತ್ ಸ್ಪೋರ್ಟ್ಸ್ ಕಾರು ಎಲ್ಲೆಡೆ ಸಿಗುವಂತಾದರೆ ಮೊದಲು ಓಡಿಸಿ ನೋಡುವವನು ನಾನು.

ಪ್ರಶ್ನೆ: ವಯಸ್ಸು ಅರವತ್ತಮೂರು. ಮಕ್ಕಳು ಬೇರೆ ಇದ್ದಾರೆ, ನಾನು ಮತ್ತು ನನ್ನವರು ಇಬ್ಬರೇ. ಈಗಲಾದರೂ ಎರಡು ಸೀಟಿನ ಕಾರು ಕೊಳ್ಳಬಹುದಲ್ಲವೇ? ಮಂಡಿ ನೋವು ಸ್ವಲ್ಪ ಇದೆ.

ಉತ್ತರ: ಧಾರಾಳವಾಗಿ ಕೊಳ್ಳಬಹುದು, ಮಂಡಿ ಒಪ್ಪಿದರೆ. ಕಾರು ನೋಡಲು ಹೋದಾಗ ಒಮ್ಮೆ ಹತ್ತಿ ಇಳಿದು ತೃಪ್ತಿಪಡಬೇಡಿ. ಪಕ್ಕದಲ್ಲಿ ಇನ್ನೊಂದು ಕಾರು ನಿಂತು ಬಾಗಿಲು ಅರ್ಧವಷ್ಟೇ ತೆರೆಯುವ ಕಡೆ ನಿಲ್ಲಿಸಿ, ನೀವಿಬ್ಬರೂ ಐದೈದು ಸಲ ಹತ್ತಿ ಇಳಿದು ನೋಡಿ. ಬಾಗಿಲಿನ ಹೊಸ್ತಿಲು ಅಗಲವಾಗಿರುವ ಕಾರುಗಳಲ್ಲಿ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಅರ್ಧ ಗಂಟೆ ಓಡಿಸಿದ ಮೇಲೆ ಸೊಂಟ ಏನು ಹೇಳುತ್ತದೆಂದು ಕೇಳಿ, ಕ್ಲಚ್ಚಿನ ಭಾರವನ್ನು ಎಡಮಂಡಿಯಿಂದ ಕೇಳಿ. ಚಾವಣಿ ತೆರೆಯುವ ಕಾರಾದರೆ, ಅದನ್ನು ತೆರೆದಿಟ್ಟು ಹತ್ತುವುದು ಇಳಿಯುವುದು ಎರಡೂ ಸುಲಭ ಎಂಬ ಗುಟ್ಟನ್ನು ಮಾರುವವರು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ಮಕ್ಕಳು ಬಂದಾಗ ನಾಲ್ಕು ಸೀಟಿನ ಬಾಡಿಗೆ ಕಾರು ತರಿಸಿಕೊಂಡರಾಯಿತು.